ಆಟಗಾರನ ಮೇಲೆ ದೂರು ಬಂದಾಗ: ಒಂದು ಪಾಠಾನುಭವ

ದೈಹಿಕ ಶಿಕ್ಷಣದಲ್ಲಿ ಅಂಕಣದ ಅಳತೆ, ಆಟದ ನಿಯಮ ಎಲ್ಲವನ್ನೂ ಹೇಳಿಕೊಡುತ್ತೇವೆ. ಆಟಗಾರನ ಮೇಲೆ ದೂರು ಬಂದರೆ ತರಬೇತುದಾರ ಏನು ಮಾಡಬೇಕೆಂಬುದಕ್ಕೆ ಮಾತ್ರ ಪಾಠಯೋಜನೆ ಇರುವುದಿಲ್ಲ. ಅದಕ್ಕಾಗಿ ಪ್ರಶಿಕ್ಷಣಾರ್ಥಿಗಳಿಗೆ ಒಂದು ಕಲ್ಪಿತ ಸನ್ನಿವೇಶ ಕೊಟ್ಟೆ. ಹೊಸದುರ್ಗದ ಒಂದು ಪದವಿಪೂರ್ವ ಕಾಲೇಜು. ನಾಳೆ ಚಿತ್ರದುರ್ಗದಲ್ಲಿ ಕಬಡ್ಡಿ ಪಂದ್ಯ. ಸಂಜೆ ಪ್ರಥಮ ಪಿಯುಸಿ ವಿದ್ಯಾರ್ಥಿನಿಯೊಬ್ಬಳು ಬಂದು, ತಂಡದ ಮುಖ್ಯ ರೈಡರ್ ತನ್ನ ಮೈಮುಟ್ಟಿ ಪೀಡಿಸಿದನೆಂದು ಹೇಳುತ್ತಾಳೆ.

ಹಿರಿಯೂರು ಕಡೆಯವರೊಬ್ಬರು, "ಇಬ್ಬರನ್ನೂ ಕೂರಿಸಿ ಕ್ಷಮೆ ಕೇಳಿಸಿದರಾಯಿತು ಸಾರ್" ಎಂದರು. ಹೊಳಲ್ಕೆರೆಯವರಿಗೆ ಮೊದಲು ಮ್ಯಾಚ್ ಮುಗಿಯಬೇಕು. ಇನ್ನೊಬ್ಬರು ಹುಡುಗನನ್ನು ತಂಡದಿಂದಲೇ ಕಿತ್ತುಹಾಕಿದರು. ಮೂರರಲ್ಲೂ ತರಬೇತುದಾರನೇ ನ್ಯಾಯಾಧೀಶ.

ಇಲ್ಲಿ ಕೆ.ಎಲ್. ರಾಹುಲ್ ಪ್ರಕರಣವನ್ನು ತಂದೆ. 2019ರ ಜನವರಿಯಲ್ಲಿ ಟಿ.ವಿ. ಕಾರ್ಯಕ್ರಮವೊಂದರಲ್ಲಿ ಮಹಿಳೆಯರ ಬಗ್ಗೆ ಬಂದ ಮಾತುಗಳಿಗಾಗಿ ರಾಹುಲ್ ಮತ್ತು ಹಾರ್ದಿಕ್ ಪಾಂಡ್ಯ ಅಮಾನತಾದರು. ಅದೇ ತಿಂಗಳು ಅಮಾನತು ತೆರವಾಯಿತು. ಏಪ್ರಿಲ್‌ನಲ್ಲಿ ಒಂಬುಡ್ಸ್‌ಮನ್ ಡಿ.ಕೆ. ಜೈನ್ ತಲಾ 20 ಲಕ್ಷ ರೂಪಾಯಿ ದಂಡ ಹಾಕಿದರು. ನಡುವೆ ರಾಹುಲ್ ಭಾರತ 'ಎ' ತಂಡಕ್ಕೆ ಆಡಿದರು. ಅಲ್ಲಿ ತರಬೇತುದಾರರು ರಾಹುಲ್ ದ್ರಾವಿಡ್. ಅವರೊಂದಿಗೆ ಆಟದ ಕೌಶಲದ ಮೇಲೆ ಕೆಲಸ ಮಾಡಿದ್ದು ನೆರವಾಯಿತೆಂದು ರಾಹುಲ್ ಆಮೇಲೆ ಹೇಳಿದ್ದಾರೆ. ತಡೆಹಿಡಿದವರು ಒಬ್ಬರು, ತೀರ್ಪು ಕೊಟ್ಟವರು ಇನ್ನೊಬ್ಬರು, ಆಟ ತಿದ್ದಿದವರು ಮತ್ತೊಬ್ಬರು. ನಮ್ಮ ಕಾಲೇಜುಗಳಲ್ಲಿ ಈ ಮೂರನ್ನೂ ಒಬ್ಬರ ಹೆಗಲಿಗೇ ಹಾಕುತ್ತೇವೆ.

ಆದರೆ ನಮ್ಮ ಸನ್ನಿವೇಶ ಅದಕ್ಕಿಂತ ಬಹಳ ಗಂಭೀರ. ಹುಡುಗಿಗೆ 18 ತುಂಬಿಲ್ಲ. 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿರುವುದು 21ನೇ ಕಲಮಿನಂತೆ ಅಪರಾಧ. "ಕೂರಿಸಿ ಮಾತಾಡಿಸುವ" ಸಜ್ಜನಿಕೆಯೇ ತರಬೇತುದಾರನನ್ನು ಆರೋಪಿಯಾಗಿಸಬಹುದು. ಇದನ್ನು ಕೇಳಿ ತರಗತಿ ಸುಮ್ಮನಾಯಿತು. ಪದವಿ ಕಾಲೇಜಾದರೆ ಯುಜಿಸಿಯ 2015ರ ನಿಯಮಗಳಂತೆ ಆಂತರಿಕ ದೂರು ಸಮಿತಿ ಇದೆ. 90 ದಿನಗಳೊಳಗೆ ವಿಚಾರಣೆ ಮುಗಿಯಬೇಕು.

ಹಾಗಾದರೆ ತರಬೇತುದಾರನಿಗೆ ಉಳಿಯುವುದೇನು? ಹುಡುಗಿ ಹೇಳಿದ್ದನ್ನು ಅಡ್ಡ ಪ್ರಶ್ನೆ ಹಾಕದೆ ಕೇಳುವುದು, ಅವಳ ಮಾತಿನಲ್ಲೇ ದಿನಾಂಕ ಸಮೇತ ಬರೆದಿಡುವುದು, ಪ್ರಾಂಶುಪಾಲರಿಗೂ ಪೊಲೀಸರಿಗೂ ಅಂದೇ ತಿಳಿಸುವುದು. ವಿಚಾರಣೆ ಮುಗಿಯುವವರೆಗೆ ಹುಡುಗನನ್ನು ಆಡಿಸದಿರುವುದು. ಅದು ಶಿಕ್ಷೆಯಲ್ಲವೆಂದು ಅವನಿಗೆ, ಅವನ ಮನೆಯವರಿಗೆ ಬಿಡಿಸಿ ಹೇಳಬೇಕು. ನನ್ನ ಮಟ್ಟಿಗೆ ಕಷ್ಟದ್ದು ಇದಲ್ಲ, ಬಸ್ಸಿನೊಳಗಿನದು. ಒಳ್ಳೆಯ ರೈಡರ್ ಎಂದರೆ ಹೋಬಳಿಗೇ ಪರಿಚಿತ. ರಾತ್ರಿಯೇ ಊರಿನ ಹಿರಿಯರ ಫೋನು ಬರುತ್ತದೆ. ಸೋತರೆ ಉಳಿದ ಹುಡುಗರು ಸೋಲನ್ನು ಅವಳ ತಲೆಗೆ ಕಟ್ಟುತ್ತಾರೆ. ಆ ಮಾತು ಬಸ್ಸಿನಲ್ಲಿ ಹುಟ್ಟದಂತೆ ನೋಡಿಕೊಳ್ಳಲು ತರಬೇತುದಾರನಲ್ಲದೆ ಬೇರೆ ಯಾರೂ ಇರುವುದಿಲ್ಲ.

"ದೂರು ಸುಳ್ಳಾದರೆ?" ಎಂದು ಕೇಳಿದರು. ಅದನ್ನು ತೀರ್ಮಾನಿಸುವವರು ವಿಚಾರಣೆ ಮಾಡುವವರು; ಹೆಸರು ಹರಡದಿದ್ದರೆ ಹುಡುಗನಿಗೂ ರಕ್ಷೆ. ಕೊನೆಯ ಚಟುವಟಿಕೆಯಾಗಿ ಸೂಚನಾ ಫಲಕದ ಬರಹ ಬರೆಸಿದೆ. ಹೆಚ್ಚಿನವರು "ದೂರು ಬಂದಿರುವುದರಿಂದ" ಎಂದು ಆರಂಭಿಸಿದ್ದರು. ಚರ್ಚಿಸಿ ಹೊಡೆದುಹಾಕಿದ ಮೇಲೆ ಉಳಿದದ್ದು ಇಷ್ಟು: "ನಾಳಿನ ಪಂದ್ಯಕ್ಕೆ ತಂಡದಲ್ಲಿ ಒಂದು ಬದಲಾವಣೆ ಇದೆ."