ಕಬ್ಬು ಯಾರು ಎಣಿಸಬೇಕು?

ಪ್ರಶ್ನೆ: ನನಗೆ ನಲವತ್ತೇಳು ವರ್ಷ. ಉಡುಪಿ ಜಿಲ್ಲೆಯ ಒಂದು ಹಳ್ಳಿಯ ಇಗರ್ಜಿಗೆ ಸೇರಿದವಳು. ಯಜಮಾನರು ಹತ್ತೊಂಬತ್ತು ವರ್ಷಗಳಿಂದ ಕುವೈಟಿನಲ್ಲಿದ್ದಾರೆ. ಮನೆಯಲ್ಲಿ ಅತ್ತೆ, ನಾನು, ಪಿಯುಸಿ ಓದುವ ಮಗಳು. ಹದಿನಾರು ವರ್ಷದ ಹಿಂದೆ ಒಂದು ಭಾನುವಾರ ಮಕ್ಕಳ ದೊತೊರ್ನ್ (ಧರ್ಮೋಪದೇಶ) ಕ್ಲಾಸಿಗೆ ಟೀಚರ್ ಬರಲಿಲ್ಲವೆಂದು ಆಗಿನ ಫಾದರ್ ನನ್ನನ್ನು ಕೂರಿಸಿದರು. ಇನ್ನೂ ಎದ್ದಿಲ್ಲ. ಆಮೇಲೆ ಗಾಯನ ಮಂಡಳಿ ಬಂತು, ವಾಳೆಯ (ಇಗರ್ಜಿಯ ವಾರ್ಡಿನ) ಗುರಿಕಾರ್ತಿ ಕೆಲಸ ಬಂತು, ಸಂತ ವಿನ್ಸೆಂಟ್ ದಿ ಪಾವ್ಲ್ ಸಭೆ ಬಂತು, ಹಬ್ಬದ ಖರ್ಚಿನ ಲೆಕ್ಕವೂ ನನ್ನ ಪರ್ಸಿಗೇ ಬಂತು. ಹೋದ ವರ್ಷ ಮೊಂತಿ ಹಬ್ಬದ ದಿನ ಮಕ್ಕಳಿಗೆ ಹಂಚುವ ಕಬ್ಬು ಎಣಿಸಿ, ಉಳಿದದ್ದನ್ನು ಒಳಗಿಟ್ಟು, ಅಂಗಳ ಗುಡಿಸಿ ಮನೆ ಸೇರುವಾಗ ಮೂರು ಗಂಟೆ. ಅತ್ತೆ ತೆನೆಯ ಕಾಳು ಹಾಲಿಗೆ ಹಾಕಿ, ಮುಚ್ಚಿಟ್ಟು ಕೂತಿದ್ದರು. ಮಗಳು ಊಟ ಮಾಡದೆ ಮಲಗಿದ್ದಳು. 'ಊರಿಗೆಲ್ಲ ಹಬ್ಬ ಮಾಡಿಸಿ ಬಂದ್ಯಾ ಮಮ್ಮಿ' ಅಂತ ಒಂದೇ ಮಾತು ಹೇಳಿದಳು. ಅದೇ ತಿಂಗಳು ವಾಳೆಯ ಕೂಟದಲ್ಲಿ ಒಬ್ಬರು ಎದ್ದು ನಿಂತು ಹಬ್ಬದ ಲೆಕ್ಕ ಕೇಳಿದರು. ನನ್ನ ಲೆಕ್ಕದಲ್ಲಿ 1,850 ರೂಪಾಯಿ ಕಡಿಮೆ ಬಿತ್ತು. ಕೈಯಿಂದ ಹಾಕಿದೆ, ರಾತ್ರಿ ಅಳು ಬಂತು. ಈಗ ಯಾವುದರಲ್ಲೂ ಮನಸ್ಸಿಲ್ಲ. ಗುರುವಾರ ನಾನೂ ಒಬ್ಬರು ನಿವೃತ್ತ ಟೀಚರೂ ಹಾಸಿಗೆ ಹಿಡಿದ ಒಬ್ಬ ಅಜ್ಜನ ಮನೆಗೆ ಹೋಗಿ ಪೇಪರ್ ಓದಿ ಹೇಳುತ್ತೇವೆ, ಅಲ್ಲಿಗೆ ಹೋದರೆ ಒಂದು ಗಂಟೆ ಹೋದದ್ದೇ ಗೊತ್ತಾಗುವುದಿಲ್ಲ. ಉಳಿದದ್ದೆಲ್ಲ ಬಿಡಬೇಕು ಅನಿಸುತ್ತದೆ. ಬಿಟ್ಟರೆ ದೇವರ ಕೆಲಸ ಬಿಟ್ಟ ಹಾಗೆ, ಪಾಪ, ಅಂತಲೂ ಅನಿಸುತ್ತದೆ. ಪಾಲನಾ ಮಂಡಳಿಯ ಉಪಾಧ್ಯಕ್ಷರು 'ಬಾಯಿ, ನೀವಿಲ್ಲದಿದ್ದರೆ ಇಲ್ಲಿ ಏನೂ ನಡೆಯುವುದಿಲ್ಲ' ಅನ್ನುತ್ತಾರೆ. ನಾನೇನು ಮಾಡಲಿ?

ಉತ್ತರ: ಪಾಪವಲ್ಲ, ಬಾಯಿ. ನಾನು ಧರ್ಮಗುರು ಅಲ್ಲ, ಆದರೆ ಇದನ್ನು ಹೇಳಲಿಕ್ಕೆ ಅಷ್ಟು ದೂರ ಹೋಗಬೇಕಾಗಿಲ್ಲ, ನೀವು ಮಕ್ಕಳಿಗೆ ಬಾಯಿಪಾಠ ಮಾಡಿಸುವ ಪುಸ್ತಕವೇ ಸಾಕು. ಧರ್ಮಸಭೆಯ ಕಟ್ಟಳೆ ಐದು. ಭಾನುವಾರ ಮತ್ತು ಕಡ್ಡಾಯ ಹಬ್ಬಗಳಲ್ಲಿ ಬಲಿಪೂಜೆ, ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ, ಪಾಸ್ಖ ಕಾಲದಲ್ಲಿ ಪರಮಪ್ರಸಾದ, ಉಪವಾಸ ಮತ್ತು ಮಾಂಸವರ್ಜನೆ, ಐದನೆಯದು ಧರ್ಮಸಭೆಯ ಅಗತ್ಯಗಳಿಗೆ ನೆರವು. ಈ ಐದನೆಯದರ ಜೊತೆಗೆ ಅವರವರ ಶಕ್ತಿಗೆ ತಕ್ಕಂತೆ ಅನ್ನುವ ಮಾತೂ ಇದೆ. ಮಕ್ಕಳಿಗೆ ಅದನ್ನು ಎಷ್ಟು ಸಲ ಹೇಳಿಸಿದ್ದೀರೋ, ನಿಮಗೆ ಮಾತ್ರ ಒಮ್ಮೆಯೂ ಹೇಳಿಕೊಂಡ ಹಾಗೆ ಕಾಣುವುದಿಲ್ಲ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನನ್ನನ್ನು ತಡೆದು ನಿಲ್ಲಿಸಿದ್ದು ಲೆಕ್ಕವೂ ಅಲ್ಲ, ಉಪಾಧ್ಯಕ್ಷರೂ ಅಲ್ಲ, ಮುಚ್ಚಿಟ್ಟ ಆ ಹಾಲಿನ ಪಾತ್ರೆ. ಓದುಗರಲ್ಲಿ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ: ಮೊಂತಿ ಹಬ್ಬ ಅಂದರೆ ಸೆಪ್ಟೆಂಬರ್ 8, ಕನ್ಯಾ ಮರಿಯಮ್ಮನವರ ಜನ್ಮದಿನ. ನಮ್ಮ ಕರಾವಳಿಯಲ್ಲಿ ಅದು ಹೊಸ ತೆನೆಯ ಹಬ್ಬವೂ ಹೌದು. ಆಗಸ್ಟ್ 30ರಿಂದ ಒಂಬತ್ತು ದಿನ ಮಕ್ಕಳು ಬುಟ್ಟಿ ತುಂಬ ಹೂ ತಂದು ಮರಿಯಮ್ಮನವರಿಗೆ ಹಾಕುತ್ತಾರೆ. ಹಬ್ಬದ ದಿನ ಆಶೀರ್ವದಿಸಿದ ತೆನೆ ಮನೆಗೊಂದರಂತೆ ಸಿಗುತ್ತದೆ, ಹೂ ತಂದ ಮಕ್ಕಳಿಗೆ ಕಬ್ಬು. ಮನೆಗೆ ಬಂದು ಕಾಳು ಸುಲಿದು, ಪುಡಿ ಮಾಡಿ ಹಾಲಿಗೋ ಪಾಯಸಕ್ಕೋ ಹಾಕಿ, ಪ್ರಾರ್ಥನೆ ಮಾಡಿ, ಮನೆಯ ಹಿರಿಯರು ಎಲ್ಲರಿಗೂ ಕೊಡುತ್ತಾರೆ. ಅವತ್ತು ಮೀನು ಮಾಂಸ ಇಲ್ಲ, ತರಕಾರಿ ಪದಾರ್ಥ ಮೂರೋ ಐದೋ ಏಳೋ, ಬೆಸ ಸಂಖ್ಯೆಯಲ್ಲಿ. ದೂರದಲ್ಲಿರುವವರಿಗೆ ನಾಲ್ಕು ಕಾಳು ಲಕೋಟೆಯಲ್ಲಿಟ್ಟು ಅಂಚೆಗೆ ಹಾಕುವುದೂ ಉಂಟು. ಅಂದರೆ ಈ ಹಬ್ಬದ ಅರ್ಧ ನಡೆಯುವುದು ಇಗರ್ಜಿಯಲ್ಲಿ, ಇನ್ನರ್ಧ ನಡೆಯುವುದು ಮನೆಯ ಊಟದ ಮೇಜಿನಲ್ಲಿ. ನಿಮ್ಮ ಮನೆಯಲ್ಲಿ ಒಬ್ಬರು ಮೊದಲೇ ಕುವೈಟಿನಲ್ಲಿ. ಎರಡನೆಯವರಾದ ನೀವು ಇಗರ್ಜಿಯ ಅಂಗಳ ಗುಡಿಸುತ್ತಿದ್ದಿರಿ. ನಿಮ್ಮ ಮಗಳು ಹೇಳಿದ್ದರಲ್ಲಿ ಒಂದಕ್ಷರ ಉತ್ಪ್ರೇಕ್ಷೆ ಇಲ್ಲ ಮಾರಾಯ್ರೆ.

ಹಾಗಂತ ತಪ್ಪೆಲ್ಲ ನಿಮ್ಮದೇ ಅಲ್ಲ. ನಮ್ಮ ಇಗರ್ಜಿಗಳಲ್ಲಿ ಫಾದರ್‌ಗಳು ವರ್ಗಾವಣೆಯಾಗುತ್ತಾರೆ, ಬಾಯಿಗಳು ಆಗುವುದಿಲ್ಲ. ಹದಿನಾರು ವರ್ಷದಲ್ಲಿ ಇಬ್ಬರೋ ಮೂವರೋ ಬದಲಾಗಿರಬೇಕು. ಹೊಸಬರು ಬಂದ ವಾರವೇ ಯಾರೋ ಒಬ್ಬರು, 'ದೊತೊರ್ನ್ ಆ ಬಾಯಿ ನೋಡಿಕೊಳ್ಳುತ್ತಾರೆ, ಹಾಡು ಅವರೇ, ಆ ವಾಳೆಯೂ ಅವರದೇ' ಅಂತ ಪರಿಚಯ ಮಾಡಿಸಿರುತ್ತಾರೆ. ಅವರ ಮಟ್ಟಿಗೆ ನೀವು ಗಂಟೆ ಗೋಪುರದ ಹಾಗೆ, ಬರುವ ಮೊದಲೇ ಅಲ್ಲಿ ಇದ್ದವರು. ಗೋಪುರಕ್ಕೆ ಆಯಾಸವಾಗಿದೆಯೇ ಅಂತ ಯಾರು ಕೇಳುತ್ತಾರೆ? ಪಾಲನಾ ಮಂಡಳಿಗಾದರೆ ಅವಧಿ ಅಂತ ಒಂದಿದೆ, ಮುಗಿದಾಗ ಹೊಸ ಪಟ್ಟಿ ಬರುತ್ತದೆ. ಹಾಡಿಗೂ ದೊತೊರ್ನಿಗೂ ಯಾರೂ ಅವಧಿ ಬರೆದಿಡುವುದಿಲ್ಲ. ಇನ್ನು ಊರಿನ ಹುಡುಗ ಹುಡುಗಿಯರು ಯುವ ಸಂಘದಲ್ಲಿ ಎರಡು ವರ್ಷ ನಾಟಕ, ಕ್ರಿಕೆಟ್, ರಕ್ತದಾನ ಅಂತ ಓಡಾಡಿ, ಡಿಗ್ರಿ ಮುಗಿದ ಕೂಡಲೆ ಬೆಂಗಳೂರೋ ದುಬೈಯೋ ಸೇರುತ್ತಾರೆ. ಉಳಿದ ಕೈಗಳ ಮೇಲೆ ಭಾರ ಬೀಳುತ್ತದೆ.

ಈಗ ನಿಮಗೆ ಸ್ವಲ್ಪ ಕಹಿಯಾಗಬಹುದಾದ ಮಾತು. ಉಪಾಧ್ಯಕ್ಷರ ಆ ವಾಕ್ಯವನ್ನು ನೀವು ದೂರಿನ ಹಾಗೆ ಬರೆದಿದ್ದೀರಿ. ಆದರೆ ಅದನ್ನು ಅಕ್ಷರ ಬಿಡದೆ ನೆನಪಿಟ್ಟುಕೊಂಡಿದ್ದೀರಿ ಕೂಡ. ನನಗೂ ಆ ರುಚಿ ಗೊತ್ತು. ನಾನು ಹನ್ನೊಂದು ವರ್ಷ ಒಂದು ಗಾಯನ ಮಂಡಳಿ ನಡೆಸಿದವಳು. ಪಿತ್ತಕೋಶದ ಆಪರೇಷನ್ ಆಗಿ ಎರಡು ತಿಂಗಳು ಮನೆಯಲ್ಲಿ ಕೂರಬೇಕಾಯಿತು. ಮೊದಲ ಸಲ ಪೂಜೆಗೆ ಹೋದಾಗ ಹಿಂದಿನ ಬೆಂಚಿನಲ್ಲಿ ಕೂತು, ಇವರು ಇವತ್ತು ಎಲ್ಲಾದರೂ ಶ್ರುತಿ ತಪ್ಪಲಿ ಅಂತ ಕಾದೆ. ತಪ್ಪಲಿಲ್ಲ. ನಾನು ಯಾವತ್ತೂ ಮುಂದೆ ನಿಲ್ಲಿಸದೆ ಇದ್ದ ಒಬ್ಬಳು ಹುಡುಗಿ ಕೀಬೋರ್ಡ್ ನುಡಿಸುತ್ತಿದ್ದಳು. ಪರಮಪ್ರಸಾದದ ಸಾಲಿನಲ್ಲಿ ನಿಂತಾಗ ಅಳು ಬಂತು, ಭಕ್ತಿಯಿಂದ ಅಂತ ಪಕ್ಕದವರು ತಿಳಿದುಕೊಂಡರು. ಆ ಹುಡುಗಿ ಹನ್ನೊಂದು ವರ್ಷವೂ ಅಲ್ಲೇ ಇದ್ದಳು, ಮೂರನೆಯ ಸಾಲಿನಲ್ಲಿ. ಜಾಗ ತುಂಬಿಕೊಂಡದ್ದು ನಾನು. ನಿಮ್ಮ ಮೂರನೆಯ ಸಾಲಿನಲ್ಲಿ ಯಾರಿದ್ದಾರೆ ಅಂತ ಒಂದು ಸಲ ತಿರುಗಿ ನೋಡಿ.

ಲೆಕ್ಕದ ವಿಷಯ. ಕೇಳಿದವರ ದನಿ ಚುಚ್ಚಿರಬಹುದು, ನಾನಲ್ಲಿ ಇರಲಿಲ್ಲ. ಆದರೆ ಲೆಕ್ಕ ಕೇಳಿದ್ದು ಅವಮಾನವಲ್ಲ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 537ನೆಯ ಕಲಮು ಪ್ರತಿ ಧರ್ಮಕೇಂದ್ರಕ್ಕೂ ಹಣಕಾಸು ಸಮಿತಿ ಇರಲೇಬೇಕು ಅನ್ನುತ್ತದೆ. ಪಾಲನಾ ಮಂಡಳಿ ಬೇಕೋ ಬೇಡವೋ ಅನ್ನುವುದನ್ನು ಧರ್ಮಾಧ್ಯಕ್ಷರ ವಿವೇಚನೆಗೆ ಬಿಟ್ಟ ಅದೇ ಕಾನೂನು, ಹಣದ ವಿಷಯಕ್ಕೆ ಬಂದಾಗ ಆ ಸಡಿಲಿಕೆ ಕೊಟ್ಟಿಲ್ಲ. ಫಾದರ್ ಕೈಯಲ್ಲಿರುವ ದುಡ್ಡಿಗೇ ನಾಲ್ಕು ಕಣ್ಣು ಬೇಕಾದರೆ ನಿಮ್ಮ ಪರ್ಸಿಗೆ ಬೇಡವೇ? ಇದರಲ್ಲಿ ನಿಮ್ಮ ಪ್ರಾಮಾಣಿಕತೆಯ ಪ್ರಶ್ನೆ ಇಲ್ಲ. ಬಾಳೆಲೆಯವನಿಗೆ ಕೊಟ್ಟ ಮುನ್ನೂರು, ರಿಕ್ಷಾಕ್ಕೆ ಕೊಟ್ಟ ನೂರಿಪ್ಪತ್ತು, ಚೀಟಿ ಇಲ್ಲದೆ ಹೋದ ಇಂಥವೇ ಸೇರಿ 1,850 ಆಗಿರುತ್ತದೆ. ಇಬ್ಬರು ಎಣಿಸಿ, ಇಬ್ಬರು ಸಹಿ ಹಾಕಿದ್ದರೆ ಅವತ್ತು ಕೂಟದಲ್ಲಿ ನೀವು ಒಬ್ಬರೇ ನಿಲ್ಲಬೇಕಾಗಿರಲಿಲ್ಲ. ಕೈಯಿಂದ ಹಾಕಿ ಮುಚ್ಚಿದ್ದು ಮಾತ್ರ ತಪ್ಪು. ಮುಂದೆ ಬರುವ ಗುರಿಕಾರರಿಗೂ ಅದೇ ದಾರಿ ತೋರಿಸಿದ ಹಾಗಾಯಿತು.

ನಿಮ್ಮ ಪತ್ರದಲ್ಲಿ ದೂರಿಲ್ಲದ ವಾಕ್ಯ ಒಂದೇ ಒಂದು. ಗುರುವಾರದ ಅಜ್ಜ. ಅದನ್ನು ಬಿಡಬೇಡಿ.

ಆ ಕೆಲಸಕ್ಕೆ ಒಂದು ಹಿನ್ನೆಲೆ ಇದೆ, ಸಂತ ವಿನ್ಸೆಂಟ್ ದಿ ಪಾವ್ಲ್ ಸಭೆಯ ಸದಸ್ಯರಾಗಿ ನಿಮಗೆ ಸ್ವಲ್ಪ ಗೊತ್ತಿರಬಹುದು. 1833ರಲ್ಲಿ ಪ್ಯಾರಿಸ್ಸಿನಲ್ಲಿ ಇಪ್ಪತ್ತು ವರ್ಷದ ವಿದ್ಯಾರ್ಥಿ ಫ್ರೆಡರಿಕ್ ಒಜನಾಮ್ ಮತ್ತು ಕೆಲವು ಗೆಳೆಯರು ಸೇರಿ ಈ ಸಭೆಯನ್ನು ಶುರು ಮಾಡಿದರು. ಬಡವರ ಕೇರಿಗಳನ್ನು ಚೆನ್ನಾಗಿ ಬಲ್ಲ ಸಿಸ್ಟರ್ ರೊಸಾಲಿ ರೆಂದು ಅವರಿಗೆ ಯಾವ ಮನೆಗೆ ಹೋಗಬೇಕೆಂದು ದಾರಿ ತೋರಿಸಿದರು. ಮನೆ ಭೇಟಿಗೆ ಇಬ್ಬಿಬ್ಬರಾಗಿ ಹೋಗುವುದು, ಸಭೆಯ ಕೊನೆಗೆ ಚೀಲ ತಿರುಗಿಸಿ ಯಾರು ಎಷ್ಟು ಹಾಕಿದರೆಂದು ಯಾರಿಗೂ ಕಾಣದ ಹಾಗೆ ದುಡ್ಡು ಸೇರಿಸುವುದು, ಇವತ್ತಿಗೂ ನೀವು ಹಾಗೆಯೇ ಮಾಡುತ್ತೀರಿ. ಒಂದೆರಡು ವರ್ಷದಲ್ಲಿ ಸದಸ್ಯರು ನೂರರ ಹತ್ತಿರ ಬಂದಾಗ ಗುಂಪನ್ನು ಒಡೆಯಬೇಕಾಯಿತು. ಮೊದಲಿನಿಂದ ಜೊತೆಗಿದ್ದವರಲ್ಲಿ ಕೆಲವರಿಗೆ ಅದು ಬೇಡವಾಗಿತ್ತು, ಜಗಳವೇ ಆಯಿತು. ಒಡೆದದ್ದರಿಂದಲೇ ಅದು ಬೆಳೆದು ನಿಮ್ಮ ಹಳ್ಳಿಯ ಅಜ್ಜನ ಮನೆಯವರೆಗೂ ಬಂತು. ಒಜನಾಮ್ ಪಾಠ ಮಾಡುವ ಪ್ರೊಫೆಸರ್ ಆಗಿದ್ದ, ಹೆಂಡತಿ ಮತ್ತು ಒಬ್ಬಳೇ ಮಗಳಿದ್ದ ಸಂಸಾರಿ. ಆರೋಗ್ಯ ಕೆಟ್ಟು ನಲವತ್ತಕ್ಕೇ ತೀರಿಕೊಂಡ, 1853ರ ಸೆಪ್ಟೆಂಬರ್ 8ರಂದು, ನಮ್ಮ ತೆನೆ ಹಬ್ಬದ ದಿನವೇ. 1997ರಲ್ಲಿ ಅವನನ್ನು ಪುನೀತನೆಂದು ಘೋಷಿಸಿದರು. ನಿಮ್ಮ ಜೊತೆ ಗುರುವಾರ ಬರುವ ಆ ಟೀಚರ್ ಇದ್ದಾರಲ್ಲ, ಉಳಿದ ನಾಲ್ಕು ಕೆಲಸಗಳಲ್ಲಿ ನಿಮಗೆ ಇಲ್ಲದ್ದು ಅಂಥ ಎರಡನೆಯವರೊಬ್ಬರು.

ಈಗ ಫಾದರ್ ಹತ್ತಿರ ಹೇಳುವುದು ಹೇಗೆ? ಭಾನುವಾರ ಪೂಜೆ ಬಿಟ್ಟ ಕೂಡಲೆ ವರಾಂಡದಲ್ಲಿ ಹೇಳಬೇಡಿ. ಒಬ್ಬರು ಮದುವೆಯ ಚೀಟಿ ಹಿಡಿದು, ಇನ್ನೊಬ್ಬರು ಸ್ಮಶಾನದ ಹುಲ್ಲಿನ ವಿಷಯ ಹಿಡಿದು ನಿಂತಿರುತ್ತಾರೆ. ಅವರು ನಕ್ಕು, ಬೆನ್ನು ತಟ್ಟಿ, 'ನೋಡೋಣ ಬಾಯಿ' ಅಂದರೆ ಅಲ್ಲಿಗೆ ಮುಗಿಯಿತು. ವಾರದ ಮಧ್ಯೆ ಒಂದು ಸಂಜೆ ಸಮಯ ಕೇಳಿ ಆಫೀಸಿಗೆ ಹೋಗಿ. ಒಂದು ಹಾಳೆಯಲ್ಲಿ ನಿಮ್ಮ ಕೆಲಸಗಳನ್ನು ಬರೆದು ಪ್ರತಿಯೊಂದರ ಎದುರು ತಾರೀಖು ಹಾಕಿ. ಹಬ್ಬದ ಲೆಕ್ಕ: ಈ ತಿಂಗಳ ಕೊನೆಗೆ, ಪುಸ್ತಕ ಸಮೇತ. ಗಾಯನ ಮಂಡಳಿ: ಕ್ರಿಸ್ಮಸ್ ವರೆಗೆ, ಅಲ್ಲಿಯ ತನಕ ಇಂಥವಳಿಗೆ ಕಲಿಸಿಕೊಡುತ್ತೇನೆ. ದೊತೊರ್ನ್: ಈ ವರ್ಷದ ಪಾಠ ಮುಗಿಯುವವರೆಗೆ, ಮಕ್ಕಳನ್ನು ಅರ್ಧಕ್ಕೆ ಬಿಡುವುದು ಬೇಡ. ಗುರಿಕಾರ್ತಿ ಕೆಲಸ: ಅವಧಿ ಮುಗಿದಾಗ, ಮತ್ತೆ ಹೆಸರು ಹಾಕಬಾರದು. ಗುರುವಾರ: ನಡೆಯುತ್ತದೆ.

ಕಾರಣ ಜಾಸ್ತಿ ಹೇಳಲು ಹೋಗಬೇಡಿ. ಅತ್ತೆಗೆ ವಯಸ್ಸಾಯಿತು ಅಂದರೆ 'ಕ್ಲಾಸ್ ಬೆಳಿಗ್ಗೆ ಇಟ್ಟುಕೊಳ್ಳೋಣ' ಅನ್ನುತ್ತಾರೆ, ಮಗಳ ಪರೀಕ್ಷೆ ಅಂದರೆ 'ಪರೀಕ್ಷೆ ಮುಗಿಯಲಿ' ಅನ್ನುತ್ತಾರೆ. ಒಳ್ಳೆಯವರೇ ಹಾಗೆ ಹೇಳುವುದು. ತಾರೀಖು ಕೊಟ್ಟರೆ ಮಾತ್ರ ಬದಲಿ ಹುಡುಕುತ್ತಾರೆ. ನೇರ ಹೇಳಿದರೆ ಅಗೌರವವೇ ಅಂತ ಅಳುಕಿದ್ದರೆ, ಅದೇ ಸಂಹಿತೆಯ 212ನೆಯ ಕಲಮು ಇದೆ: ಧರ್ಮಸಭೆಯ ಒಳಿತಿನ ವಿಷಯದಲ್ಲಿ ತಮ್ಮ ಅಭಿಪ್ರಾಯವನ್ನು ಗುರುಗಳಿಗೆ ಗೌರವದಿಂದ ತಿಳಿಸುವುದು ಭಕ್ತರ ಹಕ್ಕು, ಕೆಲವೊಮ್ಮೆ ಕರ್ತವ್ಯವೂ ಹೌದು. ಐದು ಜನರ ಕೆಲಸ ಒಬ್ಬಳ ಮೇಲಿದೆ ಅನ್ನುವುದು ಇಗರ್ಜಿಯ ಒಳಿತಿನ ವಿಷಯವೇ. ದಯವಿಟ್ಟು ಕಲಮಿನ ನಂಬರನ್ನು ಅವರ ಮುಖಕ್ಕೆ ಹಿಡಿಯಬೇಡಿ, ನಿಮ್ಮ ಧೈರ್ಯಕ್ಕೆ ಮಾತ್ರ ಇಟ್ಟುಕೊಳ್ಳಿ.

ಬಿಟ್ಟ ಮೇಲೆ ಕೆಲವು ಕೆಲಸ ಕೆಡುತ್ತದೆ. ಒಂದು ಭಾನುವಾರ ಹಾಡು ಎತ್ತುವವರಿಲ್ಲದೆ ಫಾದರೇ ಎತ್ತಬೇಕಾಗಬಹುದು, ಎಲ್ಲ ಫಾದರ್‌ಗಳಿಗೂ ಒಳ್ಳೆಯ ಸ್ವರ ಇರುವುದಿಲ್ಲ. ಯಾರಾದರೂ ಫೋನ್ ಮಾಡಿ 'ನೋಡಿ ಬಾಯಿ ಏನಾಯ್ತು' ಅನ್ನುತ್ತಾರೆ. ಓಡಬೇಡಿ. ಹೊಸಬರು ಕೇಳಿದರೆ ಹೇಳಿಕೊಡಿ, ಕೇಳದಿದ್ದರೆ ಹಿಂದಿನ ಬೆಂಚಿನಲ್ಲಿ ಕೂತು ಪೂಜೆ ಕೇಳಿ. ಹದಿನಾರು ವರ್ಷದಿಂದ ಪೂರ್ತಿ ಒಂದು ಪೂಜೆಯನ್ನು ಪುಸ್ತಕ ಹುಡುಕದೆ, ಮಕ್ಕಳನ್ನು ಗದರದೆ ನೀವು ಕೇಳಿರುವುದು ನನಗೆ ಅನುಮಾನ.

ಮಗಳ ಬಗ್ಗೆ ಒಂದೇ ಮಾತು. ತಾಯಂದಿರಿಗೆ ಒಂದು ಚಾಳಿ ಇದೆ, ತಾವು ಬಿಟ್ಟ ಕೆಲಸಕ್ಕೆ ಮಗಳನ್ನು ನಿಲ್ಲಿಸುವುದು. ಗಾಯನ ಮಂಡಳಿಯ ಕೀಬೋರ್ಡಿನ ಮುಂದೆ ಅವಳನ್ನು ಕೂರಿಸಬೇಡಿ. ಗುರುವಾರಕ್ಕೂ ಕರೆಯಬೇಡಿ, ತಾನಾಗಿ ಚಪ್ಪಲಿ ಹಾಕಿಕೊಂಡು ಬಂದರೆ ಬರಲಿ.

ಈ ಸೆಪ್ಟೆಂಬರ್ 8ಕ್ಕೆ ನೀವು ಮೂವರೂ ಒಟ್ಟಿಗೆ ಹೋಗಿ. ಅತ್ತೆಗೆ ನಡೆಯಲಿಕ್ಕೆ ಕಷ್ಟವಾದರೆ ರಿಕ್ಷಾ ಮಾಡಿ. ಎಲ್ಲರ ಹಾಗೆ ಸಾಲಿನಲ್ಲಿ ನಿಂತು ನಿಮ್ಮ ತೆನೆ ತೆಗೆದುಕೊಳ್ಳಿ. ಅಂಗಳದಲ್ಲಿ ಕಬ್ಬಿನ ರಾಶಿ ಕಾಣುತ್ತದೆ, ಯಾರೋ ತಪ್ಪು ಎಣಿಸುತ್ತಿರುತ್ತಾರೆ, ನಿಮ್ಮ ಕೈ ತುರಿಸುತ್ತದೆ. ಅತ್ತೆಯ ಕೈ ಹಿಡಿದುಕೊಂಡು ಗೇಟು ದಾಟಿಬಿಡಿ. ಹನ್ನೆರಡೂವರೆಯೊಳಗೆ ಊಟಕ್ಕೆ ಕೂರಿ. ಆಮೇಲೆ ನಾಲ್ಕು ಕಾಳು ತೆಗೆದಿಟ್ಟು, ಕುವೈಟಿನ ಲಕೋಟೆಯ ಮೇಲೆ ವಿಳಾಸ ಬರೆಯಲಿಕ್ಕೆ ಮಗಳಿಗೆ ಹೇಳಿ.