ಪಾರ್ಸಲ್ ಕೈಗೆ ಬರಲಿಲ್ಲ, ಏನು ಮಾಡೋಣ?



ಸಂತೆಯಲ್ಲಿ ಸಾಮಾನು ಕೊಳ್ಳುವುದು ನಮಗೆಲ್ಲ ಗೊತ್ತು. ಸಾಮಾನನ್ನು ಕಣ್ಣಿಂದ ನೋಡುತ್ತೇವೆ. ಕೈಯಿಂದ ಮುಟ್ಟುತ್ತೇವೆ. ಚೌಕಾಸಿ ಮಾಡುತ್ತೇವೆ. ಒಂದು ಕೈಯಲ್ಲಿ ದುಡ್ಡು ಕೊಟ್ಟು ಇನ್ನೊಂದು ಕೈಯಲ್ಲಿ ಸಾಮಾನು ತೆಗೆದುಕೊಳ್ಳುತ್ತೇವೆ.

ಈಗ ಮೊಬೈಲಿನಲ್ಲೂ ಅಂಗಡಿ ಬಂದಿದೆ. ಸೀರೆ, ಪಾತ್ರೆ, ಮಿಕ್ಸಿ, ಔಷಧಿ ಸಿಂಪಡಿಸುವ ಪಂಪು, ಎಲ್ಲವೂ ಅಲ್ಲಿ ಸಿಗುತ್ತವೆ. ಇದಕ್ಕೆ ಆನ್‌ಲೈನ್ ಖರೀದಿ ಎನ್ನುತ್ತಾರೆ. ಇಲ್ಲಿ ಎಷ್ಟೋ ಸಲ ದುಡ್ಡು ಮೊದಲು ಹೋಗುತ್ತದೆ. ಸಾಮಾನು ಆಮೇಲೆ ಬರುತ್ತದೆ. ಸಾಮಾನ್ಯವಾಗಿ ಬಂದೇ ಬರುತ್ತದೆ. ಆದರೆ ಕೆಲವು ಸಲ ಬರುವುದಿಲ್ಲ. ಮೊಬೈಲಿನಲ್ಲಿ ಮಾತ್ರ 'ತಲುಪಿದೆ' ಎಂದು ಬರೆದಿರುತ್ತದೆ.

ಆಗ ನಾವು ಏನು ಮಾಡಬೇಕು? ಈ ಪಾಠದಲ್ಲಿ ಅದನ್ನು ತಿಳಿಯೋಣ.

ನಮ್ಮ ಕಲಿಕಾ ಕೇಂದ್ರದಲ್ಲಿ ನಡೆದದ್ದು

ನಮ್ಮ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಾರೆ. ಮನೆಯಲ್ಲಿ ರವಿಕೆ ಹೊಲಿಯುತ್ತಾರೆ. ಮೆಷಿನ್ ತುಳಿದು ತುಳಿದು ಅವರಿಗೆ ಮಂಡಿ ನೋವು ಬಂದಿತ್ತು. ಹೊಲಿಗೆ ಮೆಷಿನ್ನಿಗೆ ಒಂದು ಕರೆಂಟ್ ಮೋಟಾರು ಹಾಕಿಸೋಣ ಎಂದುಕೊಂಡರು. ಮಹಿಳಾ ಸಂಘದಲ್ಲಿ ಸಾಲ ತೆಗೆದರು. 2,150 ರೂಪಾಯಿ ಮೊದಲೇ ಕಟ್ಟಿ, ಆನ್‌ಲೈನ್‌ನಲ್ಲಿ ಮೋಟಾರಿಗೆ ಆರ್ಡರ್ ಕೊಟ್ಟರು.

ಒಂದು ಮಂಗಳವಾರ ಮೊಬೈಲಿಗೆ ಸಂದೇಶ ಬಂತು. 'ನಿಮ್ಮ ಪಾರ್ಸಲ್ ತಲುಪಿದೆ' ಎಂದಿತ್ತು. ಅಕ್ಕ ಬೆಳಗಿನಿಂದ ಮನೆಯಲ್ಲೇ ಕೂತು ಹೊಲಿಯುತ್ತಿದ್ದರು. ಬಾಗಿಲಿಗೆ ಯಾರೂ ಬಂದಿರಲಿಲ್ಲ.

ಸಂಜೆ ನಾವು ಕೇಳಿದೆವು.

"ಏನಕ್ಕ, ಮೋಟಾರು ಬಂತಾ?"

"ಎಲ್ಲಿ ಬಂತು? ಬಂದಿದೆ ಅಂತ ಮೊಬೈಲು ಹೇಳ್ತದೆ. ಮನೇಲಿ ನೋಡಿದ್ರೆ ಇಲ್ಲ."

"ಕಂಪನಿಗೆ ಫೋನ್ ಮಾಡಿದ್ರಾ?"

"ಮಾಡ್ದೆ. 'ತಲುಪಿದೆ ಅಂತ ತೋರಿಸ್ತಿದೆ ಮೇಡಂ, ಎರಡು ದಿನ ನೋಡಿ' ಅಂದ್ರು."

ಎರಡು ದಿನ ಕಳೆಯಿತು. 'ನಿಮ್ಮ ದೂರು ಮುಗಿದಿದೆ' ಎಂದು ಇನ್ನೊಂದು ಸಂದೇಶ ಬಂತು. ದೂರು ಮುಗಿದಿತ್ತು. ಮೋಟಾರು ಬಂದಿರಲಿಲ್ಲ.

"ಬಿಡಕ್ಕ, ಹೋಗಿದ್ದು ಹೋಯ್ತು" ಎಂದರು ಒಬ್ಬರು.

"ಹೆಂಗೆ ಬಿಡ್ಲಿ? ಸಂಘದ ಸಾಲ ಅದು. ವಾರ ವಾರ ಕಂತು ಕಟ್ಬೇಕು. ಮೋಟಾರೂ ಇಲ್ಲ, ದುಡ್ಡೂ ಇಲ್ಲ."

ಅಂದು ನಾವು ಎಲ್ಲರೂ ಕೂಡಿ ಕೂತೆವು. ಅಕ್ಕ ಹೇಳಿದ್ದನ್ನು ಕಾಗದದ ಮೇಲೆ ಬರೆದೆವು. ಅದನ್ನೇ ಮೊಬೈಲಿನಲ್ಲಿ ಕಂಪನಿಗೆ ಕಳಿಸಿದೆವು. 'ಪಾರ್ಸಲ್ ಯಾರ ಕೈಗೆ ಕೊಟ್ಟಿರಿ? ಗುರುತು ತೋರಿಸಿ' ಎಂದು ಕೇಳಿದೆವು.

ಕಂಪನಿಯವರು ಒಂದು ಫೋಟೋ ಕಳಿಸಿದರು. ಫೋಟೋದಲ್ಲಿ ಹಸಿರು ಬಣ್ಣದ ಕಬ್ಬಿಣದ ಗೇಟು ಇತ್ತು. ಗೇಟಿನ ಮುಂದೆ ಪಾರ್ಸಲ್ ಇತ್ತು. ಅಕ್ಕನ ಮನೆಗೆ ಗೇಟೇ ಇಲ್ಲ! ಇರುವುದು ಒಂದು ಮರದ ಬಾಗಿಲು.

ಅಕ್ಕ ತಮ್ಮ ಬಾಗಿಲಿನ ಫೋಟೋ ತೆಗೆದು ಕಳಿಸಿದರು. 'ಇದು ನನ್ನ ಮನೆ. ನೀವು ಕಳಿಸಿದ ಫೋಟೋದ ಮನೆ ನನ್ನದಲ್ಲ' ಎಂದು ಬರೆದರು. ಗ್ರಾಹಕರ ಸಹಾಯವಾಣಿಗೂ ದೂರು ಕೊಟ್ಟರು. ಮೂರು ವಾರದೊಳಗೆ 2,150 ರೂಪಾಯಿ ಅಕ್ಕನ ಖಾತೆಗೆ ವಾಪಸು ಬಂತು.

ಅಕ್ಕ ಜಗಳ ಆಡಲಿಲ್ಲ. ಬರೆದು ಕೇಳಿದರು. ಕೊಟ್ಟ ಉತ್ತರವನ್ನು ಓದಿ ನೋಡಿದರು. ಮತ್ತೆ ಬರೆದರು.

'ತಲುಪಿದೆ' ಎಂದು ಬರೆಯುವವರು ಯಾರು?

ಆನ್‌ಲೈನ್ ಖರೀದಿಯಲ್ಲಿ ಸಾಮಾನ್ಯವಾಗಿ ಮೂರು ಜನ ಇರುತ್ತಾರೆ. ಸಾಮಾನು ಮಾರುವವರು ಒಬ್ಬರು. ಮೊಬೈಲಿನಲ್ಲಿ ಅಂಗಡಿ ನಡೆಸುವ ಕಂಪನಿ ಇನ್ನೊಬ್ಬರು. ಪಾರ್ಸಲ್ ಹೊತ್ತು ತರುವ ಕೊರಿಯರ್‌ನವರು ಮತ್ತೊಬ್ಬರು.

'ತಲುಪಿದೆ' ಎಂಬ ಗುರುತನ್ನು ಹಾಕುವುದು ಪಾರ್ಸಲ್ ತರುವವರ ಕಡೆಯಿಂದ. ಅದು ಅವರ ಮಾತು. ನಮ್ಮ ಸಹಿ ಅಲ್ಲ. ಅದು ತಪ್ಪಾಗಿರಬಹುದು. ಹೇಗೆ?

ಪಕ್ಕದ ಮನೆಯಲ್ಲಿ ಕೊಟ್ಟು ಹೋಗಿರಬಹುದು. ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಇಟ್ಟಿರಬಹುದು. ಒಂದೇ ಹೆಸರಿನ ಬೇರೆಯವರಿಗೆ ಕೊಟ್ಟಿರಬಹುದು. ಕೊಡುವ ಮೊದಲೇ ಗುರುತು ಹಾಕಿ, ಮಾರನೆಯ ದಿನ ತರಬಹುದು. ಬಾಗಿಲಲ್ಲಿ ಇಟ್ಟದ್ದನ್ನು ಯಾರೋ ಎತ್ತಿಕೊಂಡಿರಬಹುದು. ಆದ್ದರಿಂದ ಮೊದಲು ವಿಚಾರಿಸೋಣ. ಯಾರ ಮೇಲೂ ಕೂಡಲೇ ಕಳ್ಳತನ ಹೊರಿಸುವುದು ಬೇಡ.

ಅದೇ ದಿನ ಮಾಡಬೇಕಾದ ಕೆಲಸ

1. ಮನೆಯವರನ್ನು ಕೇಳಿ. ಅಕ್ಕಪಕ್ಕದವರನ್ನು ಕೇಳಿ. ಹತ್ತಿರದ ಅಂಗಡಿಯಲ್ಲಿ ಕೇಳಿ.

2. ಆರ್ಡರಿನಲ್ಲಿ ಬರೆದ ವಿಳಾಸ ಓದಿ. ಮನೆ ನಂಬರು, ಊರು, ಪಿನ್‌ಕೋಡ್, ಫೋನ್ ನಂಬರು ಸರಿ ಇವೆಯೇ ನೋಡಿ.

3. ಮೊಬೈಲ್ ಪರದೆಯ ಫೋಟೋ ಇಟ್ಟುಕೊಳ್ಳಿ. ಇದಕ್ಕೆ ಸ್ಕ್ರೀನ್‌ಶಾಟ್ ಎನ್ನುತ್ತಾರೆ. ಆರ್ಡರ್ ನಂಬರು, ದುಡ್ಡು ಕಟ್ಟಿದ ರಸೀದಿ, 'ತಲುಪಿದೆ' ಎಂಬ ಸಂದೇಶ, ಅದರ ದಿನ ಮತ್ತು ಹೊತ್ತು, ಇವೆಲ್ಲ ಫೋಟೋದಲ್ಲಿ ಇರಲಿ.

4. ಕಂಪನಿಯ ಆ್ಯಪ್‌ನಲ್ಲೇ ದೂರು ಕೊಡಿ. ದೂರು ಕೊಡಲು ಒಂದೊಂದು ಕಂಪನಿ ಒಂದೊಂದು ಗಡುವು ಇಟ್ಟಿರುತ್ತದೆ. ತಡ ಮಾಡಿದರೆ ಗಡುವು ಮೀರಬಹುದು.

5. ದೂರಿನ ನಂಬರು ಕೇಳಿ. ಅದನ್ನು ಪುಸ್ತಕದಲ್ಲಿ ಬರೆದಿಡಿ. ಫೋನಿನಲ್ಲಿ ಮಾತಾಡಿದರೆ ದಿನ, ಹೊತ್ತು, ಅವರು ಹೇಳಿದ ಮಾತು ಬರೆದಿಡಿ.

6. ಪಾರ್ಸಲ್ ಕೊಟ್ಟ ಗುರುತು ಕೇಳಿ. ಫೋಟೋ ಇದೆಯೇ? ಯಾರು ಸಹಿ ಹಾಕಿದರು? ಓಟಿಪಿ ಕೊಟ್ಟವರು ಯಾರು?

'ಎರಡು ದಿನ ನೋಡಿ' ಎಂದು ಕಂಪನಿಯವರು ಹೇಳಬಹುದು. ನೋಡೋಣ, ತಪ್ಪಿಲ್ಲ. ಆದರೆ ದೂರು ಬರೆಸಿಯೇ ಕಾಯೋಣ.

ಕಾನೂನು ಏನು ಹೇಳುತ್ತದೆ?

ದುಡ್ಡು ಕೊಟ್ಟು ಸಾಮಾನು ಕೊಳ್ಳುವವರಿಗೆ ಗ್ರಾಹಕರು ಎನ್ನುತ್ತಾರೆ. ಗ್ರಾಹಕರಿಗಾಗಿ ನಮ್ಮ ದೇಶದಲ್ಲಿ ಮೊದಲು 1986ರಲ್ಲಿ ಕಾಯಿದೆ ಬಂತು. ಆಮೇಲೆ 2019ರಲ್ಲಿ ಹೊಸ ಗ್ರಾಹಕ ಸಂರಕ್ಷಣಾ ಕಾಯಿದೆ ಆಯಿತು. 2020ರ ಜುಲೈ ತಿಂಗಳಲ್ಲಿ ಅದು ಜಾರಿಗೆ ಬಂತು. ಅದೇ ತಿಂಗಳು ಆನ್‌ಲೈನ್ ವ್ಯಾಪಾರಕ್ಕೆ ಪ್ರತ್ಯೇಕ ನಿಯಮಗಳೂ ಬಂದವು.

ಆ ನಿಯಮಗಳ ಪ್ರಕಾರ ಆನ್‌ಲೈನ್ ಕಂಪನಿಯು ಕುಂದುಕೊರತೆ ಅಧಿಕಾರಿಯನ್ನು ಇಟ್ಟಿರಬೇಕು. ಆ ಅಧಿಕಾರಿಯ ಹೆಸರು ಮತ್ತು ಸಂಪರ್ಕದ ವಿವರ ಜನರಿಗೆ ಕಾಣುವಂತೆ ಹಾಕಿರಬೇಕು. ನಾವು ದೂರು ಕೊಟ್ಟರೆ, 48 ಗಂಟೆಯೊಳಗೆ 'ದೂರು ಬಂದಿದೆ' ಎಂದು ತಿಳಿಸಬೇಕು. ಒಂದು ತಿಂಗಳೊಳಗೆ ಪರಿಹಾರ ಮಾಡಬೇಕು.

ಫೋನ್ ಎತ್ತಿದವರು 'ಆಗಲ್ಲ' ಎಂದರೆ ಅಲ್ಲಿಗೇ ಮುಗಿಯಿತು ಎಂದಲ್ಲ. 'ಕುಂದುಕೊರತೆ ಅಧಿಕಾರಿಗೆ ಬರೆಯುತ್ತೇವೆ' ಎಂದು ಹೇಳಿ. ಹೇಳಿದಂತೆ ಬರೆಯಿರಿ.

1915ಕ್ಕೆ ಫೋನ್ ಮಾಡಿ

ಕಂಪನಿ ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ. ಅದರ ನಂಬರು 1915. ಕನ್ನಡದಲ್ಲೂ ಮಾತಾಡಬಹುದು. ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಕೆಲಸ ಮಾಡುತ್ತದೆ. ರಾಷ್ಟ್ರೀಯ ಹಬ್ಬದ ದಿನ ರಜೆ.

ಫೋನ್ ಮಾಡುವಾಗ ಆರ್ಡರ್ ನಂಬರು, ದುಡ್ಡಿನ ಮೊತ್ತ, ದಿನ, ದೂರಿನ ನಂಬರು ಕೈಯಲ್ಲಿ ಇರಲಿ. ಅವರು ನಮ್ಮ ದೂರನ್ನು ಕಂಪನಿಗೆ ಮುಟ್ಟಿಸಿ, ಉತ್ತರ ಕೇಳುತ್ತಾರೆ. ಆದರೆ ಸಹಾಯವಾಣಿ ಕೋರ್ಟ್ ಅಲ್ಲ. ತೀರ್ಪು ಕೊಡುವ ಅಧಿಕಾರ ಅದಕ್ಕಿಲ್ಲ.

ಕಾರ್ಡಿನಿಂದ ದುಡ್ಡು ಕಟ್ಟಿದ್ದರೆ ಇನ್ನೊಂದು ದಾರಿ ಇದೆ. ಕಾರ್ಡ್ ಕೊಟ್ಟ ಬ್ಯಾಂಕಿಗೆ ಹೋಗಿ. 'ದುಡ್ಡು ಹೋಗಿದೆ, ಸಾಮಾನು ಬಂದಿಲ್ಲ' ಎಂದು ಅಲ್ಲೂ ತಕರಾರು ಬರೆದುಕೊಡಿ.

ಗ್ರಾಹಕರ ಆಯೋಗ

ಅಲ್ಲೂ ಆಗಲಿಲ್ಲ ಎನ್ನಿ. ಆಗ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗಕ್ಕೆ ದೂರು ಕೊಡಬಹುದು. ಕಂಪನಿ ದೆಹಲಿಯಲ್ಲೋ ಮುಂಬೈಯಲ್ಲೋ ಇರಬಹುದು. ನಾವು ಅಲ್ಲಿಗೆ ಹೋಗಬೇಕಿಲ್ಲ. ನಾವು ಇರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಲು ಕಾಯಿದೆಯಲ್ಲಿ ಅವಕಾಶ ಇದೆ.

ಸಾಮಾನಿಗೆ ಕೊಟ್ಟ ದುಡ್ಡು 5 ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕ ಇಲ್ಲ. ವಕೀಲರು ಇರಲೇಬೇಕೆಂದಿಲ್ಲ. ನಮ್ಮ ಮಾತನ್ನು ನಾವೇ ಹೇಳಬಹುದು. ತೊಂದರೆ ಆದ ದಿನದಿಂದ 2 ವರ್ಷದೊಳಗೆ ದೂರು ಕೊಡಬೇಕು.

"ನೀವು ದುಡಿಮೆಗೆ ಕೊಂಡಿದ್ದು, ನೀವು ಗ್ರಾಹಕರಲ್ಲ" ಎಂದು ಯಾರಾದರೂ ಹೇಳಬಹುದು. ಹೆದರಬೇಡಿ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಮಾತ್ರ ಕೊಂಡ ಸಾಮಾನಾದರೆ, ಕೊಂಡವರು ಗ್ರಾಹಕರೇ. ಕಾಯಿದೆಯಲ್ಲೇ ಹೀಗೆ ಇದೆ.

ದೂರು ಬರೆಯಲು ಸಹಾಯ ಬೇಕೇ? ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಅಲ್ಲಿ ಕಾನೂನು ನೆರವು ಉಚಿತ.

ಎಚ್ಚರ! ಎಚ್ಚರ!

ದುಡ್ಡು ಕಳೆದುಕೊಂಡವರನ್ನು ಮತ್ತೆ ಮೋಸ ಮಾಡುವವರೂ ಇದ್ದಾರೆ. ಮೊಬೈಲಿನಲ್ಲಿ ಹುಡುಕಿದರೆ ಕಂಪನಿಯ ಹೆಸರಿನಲ್ಲಿ ಸುಳ್ಳು ಫೋನ್ ನಂಬರು ಸಿಗಬಹುದು. ಆ ನಂಬರಿಗೆ ಮಾತಾಡಿದರೆ, "ದುಡ್ಡು ವಾಪಸು ಕೊಡ್ತೀವಿ, ಓಟಿಪಿ ಹೇಳಿ, ಪಿನ್ ಒತ್ತಿ" ಎನ್ನುತ್ತಾರೆ.

ಹೇಳಬೇಡಿ. ಒತ್ತಬೇಡಿ. ನಮ್ಮ ಖಾತೆಗೆ ದುಡ್ಡು ಬರಲು ಪಿನ್ ಒತ್ತಬೇಕಾಗಿಲ್ಲ. ಪಿನ್ ಒತ್ತಿದರೆ ದುಡ್ಡು ಹೋಗುತ್ತದೆ. ಕಂಪನಿಯ ನಂಬರನ್ನು ಅದರ ಆ್ಯಪ್‌ನಲ್ಲೇ ನೋಡಿ ತೆಗೆದುಕೊಳ್ಳಿ. ಮೋಸ ಆಗಿಬಿಟ್ಟರೆ ಕೂಡಲೇ 1930ಕ್ಕೆ ಫೋನ್ ಮಾಡಿ. ಬ್ಯಾಂಕಿಗೂ ತಿಳಿಸಿ.

ಪಾರ್ಸಲ್ ತಂದವರು ಓಟಿಪಿ ಕೇಳುವುದುಂಟು. ಪಾರ್ಸಲ್ ಕೈಗೆ ಬಂದ ಮೇಲೆ ಮಾತ್ರ ಅದನ್ನು ಹೇಳಿ. "ಆಮೇಲೆ ತಂದುಕೊಡ್ತೀನಿ, ಈಗ ಓಟಿಪಿ ಹೇಳಿ" ಎಂದರೆ ಒಪ್ಪಬೇಡಿ. ಗುರುತಿಲ್ಲದ ಕಂಪನಿಯಲ್ಲಿ ಕೊಳ್ಳುವಾಗ, ಸಾಮಾನು ಬಂದ ಮೇಲೆ ದುಡ್ಡು ಕೊಡುವ ದಾರಿ ಇದ್ದರೆ ಅದನ್ನೇ ಆರಿಸಿ.

ದೂರು ಹೀಗೆ ಬರೆಯಿರಿ

ಇವರಿಗೆ,
ಕುಂದುಕೊರತೆ ಅಧಿಕಾರಿಗಳು,
(ಕಂಪನಿಯ ಹೆಸರು)

ಮಾನ್ಯರೇ,

ವಿಷಯ: ಪಾರ್ಸಲ್ ಕೈಗೆ ಬಂದಿಲ್ಲ.

ನಾನು ______ ದಿನ ______ ಸಾಮಾನಿಗೆ ಆರ್ಡರ್ ಕೊಟ್ಟೆನು. ಆರ್ಡರ್ ನಂಬರು ______. ನಾನು ______ ರೂಪಾಯಿ ಕಟ್ಟಿದ್ದೇನೆ. ______ ದಿನ ಪಾರ್ಸಲ್ ತಲುಪಿದೆ ಎಂದು ಸಂದೇಶ ಬಂದಿದೆ. ಆದರೆ ಪಾರ್ಸಲ್ ನನಗಾಗಲಿ, ನನ್ನ ಮನೆಯವರಿಗಾಗಲಿ ಬಂದಿಲ್ಲ. ನನ್ನ ದೂರಿನ ನಂಬರು ______.

ಪಾರ್ಸಲ್ ಯಾರಿಗೆ ಕೊಟ್ಟಿರಿ ಎಂಬುದಕ್ಕೆ ಗುರುತು ತೋರಿಸಿ. ಸಾಮಾನನ್ನು ಕಳಿಸಿ, ಇಲ್ಲವೇ ನನ್ನ ದುಡ್ಡನ್ನು ವಾಪಸು ಕೊಡಿ.

ಇಂತಿ,
(ಹೆಸರು, ಊರು, ಫೋನ್ ನಂಬರು, ಸಹಿ)

ಹೊಸ ಪದಗಳು

ಗ್ರಾಹಕ: ದುಡ್ಡು ಕೊಟ್ಟು ಕೊಳ್ಳುವವರು
ಗಡುವು: ಕೊನೆಯ ದಿನ
ಕುಂದುಕೊರತೆ: ತೊಂದರೆ, ದೂರು
ವ್ಯಾಜ್ಯ: ಜಗಳ, ತಕರಾರು
ಓಟಿಪಿ: ಒಂದೇ ಸಲಕ್ಕೆಂದು ಮೊಬೈಲಿಗೆ ಬರುವ ಗುಟ್ಟಿನ ನಂಬರು

ಉತ್ತರ ಹೇಳಿ

1. 'ತಲುಪಿದೆ' ಎಂಬ ಗುರುತನ್ನು ಯಾರ ಕಡೆಯಿಂದ ಹಾಕುತ್ತಾರೆ?
2. ಕಂಪನಿ ಕಳಿಸಿದ ಫೋಟೋದಲ್ಲಿ ಅಕ್ಕ ಏನು ಕಂಡರು?
3. ದೂರು ಬಂದಿದೆ ಎಂದು ಕಂಪನಿ ಎಷ್ಟು ಗಂಟೆಯೊಳಗೆ ತಿಳಿಸಬೇಕು?
4. ಗ್ರಾಹಕರ ಸಹಾಯವಾಣಿಯ ನಂಬರು ಯಾವುದು?
5. ಪಾರ್ಸಲ್ ತಂದವರಿಗೆ ಓಟಿಪಿ ಯಾವಾಗ ಹೇಳಬೇಕು?

ಕೂಡಿ ಮಾಡಿ

ನಿಮ್ಮ ಬೀದಿಯಲ್ಲಿ ಯಾರಿಗಾದರೂ ಹೀಗೆ ಆಗಿದೆಯೇ? ಕೇಳಿ ಬನ್ನಿ. ಅವರ ಆರ್ಡರನ್ನು ಎಲ್ಲರೂ ಕೂಡಿ ಓದಿ. ಮೇಲಿನ ಪತ್ರದ ಖಾಲಿ ಜಾಗ ತುಂಬಿ. ಪತ್ರವನ್ನು ಒಮ್ಮೆ ಗಟ್ಟಿಯಾಗಿ ಓದಿ, ಅವರ ಕೈಯಲ್ಲೇ ಸಹಿ ಹಾಕಿಸಿ, ಇಂದೇ ಕಳಿಸಿ.