ಮನೆಬಾಗಿಲಿಗೆ ಬಂದ ಗ್ರಂಥಾಲಯ

‘ದೇಶ ಸುತ್ತು, ಕೋಶ ಓದು’ ಎಂಬುದು ನಮ್ಮ ಹಿರಿಯರ ಮಾತು. ದೇಶ ಸುತ್ತುವುದಕ್ಕೆ ಹಣ ಬೇಕು, ಕಾಲಾವಕಾಶ ಬೇಕು. ಕೋಶ ಓದುವುದಕ್ಕೆ ಅಷ್ಟು ಬೇಡ. ಆದರೆ ಕೋಶವೇ ಕೈಗೆ ಸಿಗದಿದ್ದರೆ ಓದುವುದಾದರೂ ಏನನ್ನು?

ಕಾಸರಗೋಡಿನ ಕನ್ನಡ ಮಾಧ್ಯಮದ ವಿದ್ಯಾರ್ಥಿಗಳಿಗೆ ಈ ಪ್ರಶ್ನೆ ಹೊಸತಲ್ಲ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ನಮ್ಮ ನಾಡು ಕೇರಳಕ್ಕೆ ಸೇರಿತು. ಕೇರಳದ ಗ್ರಂಥಾಲಯಗಳಲ್ಲಿ ಮಲಯಾಳ ಪುಸ್ತಕಗಳು ಹೆಚ್ಚಾಗಿರುವುದು ಸಹಜವೇ. ಪಾಠಪುಸ್ತಕದ ಆಚೆಗೆ ಏನನ್ನಾದರೂ ಕನ್ನಡದಲ್ಲಿ ಓದಿ ತಿಳಿಯಬೇಕೆಂದರೆ ಮಂಗಳೂರಿನ ಬಸ್ಸು ಹತ್ತಬೇಕಾಗುತ್ತಿತ್ತು. ಅಂತರ್ಜಾಲದ ಮೂಲಕ ಸಿಗುವ ಉಚಿತ ಗ್ರಂಥಾಲಯಗಳು ಈ ಕೊರತೆಯನ್ನು ಇಂದು ಬಹುಮಟ್ಟಿಗೆ ನೀಗಿಸಿವೆ. ಅವು ಯಾವುವು, ಅವುಗಳನ್ನು ಬಳಸುವ ಕ್ರಮವೇನು ಎಂಬುದನ್ನು ಇಲ್ಲಿ ವಿಚಾರಿಸೋಣ.

ಯಾವ ಯಾವ ಗ್ರಂಥಾಲಯಗಳು?

ಮೊದಲನೆಯದಾಗಿ ಭಾರತದ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ. ಇದನ್ನು ಖರಗ್‌ಪುರದ ಐ.ಐ.ಟಿ. ರೂಪಿಸಿದೆ. 2018ರ ಜೂನ್ 19ರಂದು, ರಾಷ್ಟ್ರೀಯ ವಾಚನ ದಿನದಂದು, ಇದನ್ನು ದೇಶಕ್ಕೆ ಅರ್ಪಿಸಲಾಯಿತು. ಕೇರಳದಲ್ಲಿ ಗ್ರಂಥಾಲಯ ಚಳವಳಿಯನ್ನು ಕಟ್ಟಿದ ಪಿ. ಎನ್. ಪಣಿಕ್ಕರ್ ಅವರ ಸ್ಮರಣೆಗಾಗಿ ನಾವು ಶಾಲೆಯಲ್ಲಿ ಆಚರಿಸುವ ವಾಚನ ದಿನವೂ ಅದೇ. ಕರ್ನಾಟಕದ ಸಾರ್ವಜನಿಕ ಗ್ರಂಥಾಲಯ ಇಲಾಖೆಯೂ 2020ರಲ್ಲಿ ತನ್ನ ಡಿಜಿಟಲ್ ಗ್ರಂಥಾಲಯವನ್ನು ತೆರೆಯಿತು.

ಎರಡನೆಯದು ಭಾರತವಾಣಿ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನವು ನಡೆಸುವ ಈ ಜಾಲತಾಣ 2016ರಲ್ಲಿ ಆರಂಭವಾಯಿತು. ಇದರಲ್ಲಿ ನಮ್ಮ ದೇಶದ ಅನೇಕ ಭಾಷೆಗಳ ನಿಘಂಟುಗಳಿವೆ. ಮನೆಯಲ್ಲಿ ತುಳುವೋ ಕೊಂಕಣಿಯೋ, ಪೇಟೆಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ ಎಂದು ಬಾಳುವ ನಮಗೆ ನಿಘಂಟಿನ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ.

ಮೂರನೆಯದು 1996ರಲ್ಲಿ ಅಮೆರಿಕದಲ್ಲಿ ಸ್ಥಾಪನೆಯಾದ ಇಂಟರ್‌ನೆಟ್ ಆರ್ಕೈವ್. ಹಳೆಯ ಕನ್ನಡ ಪುಸ್ತಕಗಳ ಪುಟಗಳನ್ನು ಚಿತ್ರದಂತೆ ಸ್ಕ್ಯಾನ್ ಮಾಡಿ ಇಲ್ಲಿ ಇಡಲಾಗಿದೆ. ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯವು ಹರ್ಮನ್ ಗುಂಡರ್ಟರ ಸಂಗ್ರಹವನ್ನು 2018ರಲ್ಲಿ ಇದೇ ರೀತಿ ಎಲ್ಲರಿಗೂ ತೆರೆಯಿತು. ನಮ್ಮ ನೆರೆಯ ತಲಶ್ಶೇರಿಯಲ್ಲಿ ನೆಲೆಸಿದ್ದ ಗುಂಡರ್ಟರ ಮಲಯಾಳ ನಿಘಂಟು 1872ರಲ್ಲಿ ಅಚ್ಚಾದದ್ದು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ. ಆ ಸಂಗ್ರಹದಲ್ಲಿ ಮಲಯಾಳದೊಂದಿಗೆ ಕನ್ನಡ, ತುಳು ಪುಸ್ತಕಗಳೂ ಇವೆ.

ಉಚಿತವೇಕೆ?

‘ಬಿಟ್ಟಿ ಸಿಕ್ಕಿದ್ದು ಕಳವಿನ ಮಾಲಲ್ಲವೇ?’ ಎಂದು ಕೆಲವರು ಕೇಳಬಹುದು. ಹಾಗಲ್ಲ. ನಮ್ಮ ದೇಶದ ಕಾಯಿದೆಯಂತೆ ಕೃತಿಯ ಹಕ್ಕು ಲೇಖಕನ ಜೀವಿತಕಾಲದಲ್ಲಿಯೂ, ಆತ ತೀರಿಕೊಂಡ ಮರುವರ್ಷದಿಂದ 60 ವರ್ಷಗಳವರೆಗೂ ಇರುತ್ತದೆ. ಅನಂತರ ಅದು ಸಾರ್ವಜನಿಕರ ಸೊತ್ತು. ಮಂಜೇಶ್ವರದ ಗೋವಿಂದ ಪೈಗಳು 1963ರಲ್ಲಿ ನಿಧನರಾದರು. ಆದ್ದರಿಂದ ‘ಗಿಳಿವಿಂಡು’, ‘ಗೊಲ್ಗೊಥಾ’ ಮೊದಲಾದ ಅವರ ಕೃತಿಗಳು 2024ರ ಜನವರಿ 1ರಿಂದ ಸಾರ್ವಜನಿಕವಾಗಿವೆ. ಕುವೆಂಪು ಅವರು ತೀರಿಕೊಂಡದ್ದು 1994ರಲ್ಲಿ. ಅವರ ಕೃತಿಗಳಿಗೆ ಆ ಕಾಲ ಇನ್ನೂ ಬಂದಿಲ್ಲ. ಅಂಥ ಪುಸ್ತಕಗಳನ್ನು ಗ್ರಂಥಾಲಯದಿಂದ ತಂದು ಅಥವಾ ಕೊಂಡು ಓದುವುದೇ ನ್ಯಾಯ.

ಹುಡುಕುವ ಕ್ರಮ

ಬಾಗಿಲು ತೆರೆದಿದೆ ಎಂದ ಮಾತ್ರಕ್ಕೆ ಬೇಕಾದ ಪುಸ್ತಕ ತಾನಾಗಿ ಕೈಗೆ ಬಾರದು. ಅದಕ್ಕೊಂದು ಕ್ರಮವಿದೆ.

1. ಮೊದಲು ಪ್ರಶ್ನೆಯನ್ನು ಕಾಗದದ ಮೇಲೆ ಬರೆಯಿರಿ. ‘ಗೋವಿಂದ ಪೈ’ ಎಂದಷ್ಟೇ ಹುಡುಕಿದರೆ ಕಾಡಿನಲ್ಲಿ ಅಲೆದಂತೆ. ‘ಅವರಿಗೆ ರಾಷ್ಟ್ರಕವಿ ಎಂಬ ಗೌರವವನ್ನು ಯಾವಾಗ, ಯಾರು ಕೊಟ್ಟರು?’ ಎಂದು ಕೇಳಿಕೊಂಡರೆ ದಾರಿ ಕಾಣುತ್ತದೆ.

2. ಕನ್ನಡ ಲಿಪಿಯಲ್ಲಿ ಹುಡುಕಿರಿ; ಸಿಗದಿದ್ದರೆ ಇಂಗ್ಲಿಷ್ ಅಕ್ಷರಗಳಲ್ಲಿ ಹುಡುಕಿರಿ. ಹಳೆಯ ಪುಸ್ತಕಗಳ ಹೆಸರನ್ನು ಎಷ್ಟೋ ಕಡೆ ಇಂಗ್ಲಿಷ್ ಅಕ್ಷರಗಳಲ್ಲಿ, ಅದೂ ತಪ್ಪುತಪ್ಪಾಗಿ, ದಾಖಲಿಸಿದ್ದಾರೆ. ‘ವ’ಕಾರಕ್ಕೆ ಒಬ್ಬರು ‘ವಿ’ ಬರೆದರೆ ಇನ್ನೊಬ್ಬರು ‘ಡಬ್ಲ್ಯೂ’ ಬರೆಯುತ್ತಾರೆ. ಎರಡನ್ನೂ ಪ್ರಯತ್ನಿಸಬೇಕು.

3. ಸ್ಕ್ಯಾನ್ ಮಾಡಿದ ಪುಸ್ತಕದೊಳಗಿನ ಪದವನ್ನು ಯಂತ್ರವು ಯಾವಾಗಲೂ ಹುಡುಕಿ ಕೊಡಲಾರದು. ಆಗ ವಿಷಯಸೂಚಿಯನ್ನು ನೋಡಿ ಪುಟ ತಿರುವಬೇಕು.

4. ವಿಕಿಪೀಡಿಯವನ್ನು ಯಾರು ಬೇಕಾದರೂ ತಿದ್ದಬಹುದು. ಅದು ಆರಂಭಕ್ಕೆ ಒಳ್ಳೆಯದು, ಆದರೆ ಅಲ್ಲಿಗೇ ನಿಲ್ಲಬಾರದು. ಒಂದು ಸಂಗತಿಯನ್ನು ಎರಡು ಕಡೆ ನೋಡಿಯೇ ನಂಬಿರಿ.

5. ಪುಸ್ತಕದ ಹೆಸರು, ಲೇಖಕ, ವರ್ಷ, ಪುಟ ಇವನ್ನು ಗುರುತು ಹಾಕಿಕೊಳ್ಳಿರಿ. ಓದಿದ್ದನ್ನು ನಿಮ್ಮ ಸ್ವಂತ ಮಾತಿನಲ್ಲಿ ಬರೆಯಿರಿ. ನಕಲು ಮಾಡಿದ್ದು ಕಲಿತದ್ದಾಗುವುದಿಲ್ಲ.

ಈಗ ನಮ್ಮ ಪ್ರಶ್ನೆಗೆ ಉತ್ತರ ನೋಡೋಣ. 1949ರಲ್ಲಿ ಪೈಗಳಿಗೆ ಆ ಗೌರವವನ್ನು ಕೊಟ್ಟದ್ದು ಮದ್ರಾಸ್ ಸರಕಾರ. ಕನ್ನಡದ ಕವಿಗೆ ಮದ್ರಾಸ್ ಸರಕಾರವೇಕೆ? ಆಗ ಕಾಸರಗೋಡು ತಾಲೂಕು ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಹೀಗೆ ಒಂದು ಸಣ್ಣ ಪ್ರಶ್ನೆ ನಮ್ಮ ಊರಿನ ಚರಿತ್ರೆಯನ್ನೇ ತೆರೆದು ತೋರಿಸುತ್ತದೆ. ಸಂಶೋಧನೆ ಎಂದರೆ ಇದೇ. ಅದಕ್ಕೆ ದೊಡ್ಡ ಪದವಿಯೇ ಬೇಕೆಂದಿಲ್ಲ.

ಹೆತ್ತವರಲ್ಲಿ ವಿನಂತಿ

ಮೊಬೈಲ್ ಎಂದರೆ ಮಕ್ಕಳು ಹಾಳಾಗುತ್ತಾರೆ ಎಂಬ ನಿಮ್ಮ ಹೆದರಿಕೆ ನಿರಾಧಾರವಲ್ಲ. ಆಟದಲ್ಲಿಯೇ ಹೊತ್ತು ಕಳೆಯುವ ಮಕ್ಕಳೂ ಇದ್ದಾರೆ. ಆದರೆ ಕತ್ತಿಯಿಂದ ಕೈ ಕೊಯ್ದುಕೊಳ್ಳಬಹುದೆಂದು ಅಡಿಗೆಮನೆಯಲ್ಲಿ ಕತ್ತಿಯನ್ನೇ ಇಡದೆ ಇರುತ್ತೇವೆಯೇ? ದಿನಕ್ಕೆ ಅರ್ಧ ಗಂಟೆ, ಜಗಲಿಯಲ್ಲಿ ಎಲ್ಲರ ಕಣ್ಣೆದುರಿಗೆ, ಪಕ್ಕದಲ್ಲೊಂದು ನೋಟುಪುಸ್ತಕವಿಟ್ಟುಕೊಂಡು ಓದಲಿ. ‘ಇವತ್ತು ಏನು ಸಿಕ್ಕಿತು?’ ಎಂದು ನೀವು ಒಂದು ಮಾತು ಕೇಳಿದರೆ ಸಾಕು. ಮನೆಯಲ್ಲಿ ಆ ಸೌಕರ್ಯವಿಲ್ಲದವರು ಶಾಲೆಯ ಕಂಪ್ಯೂಟರ್ ಕೊಠಡಿಯನ್ನು ಬಳಸಲು ಅಧ್ಯಾಪಕರ ಸಹಾಯ ಕೇಳಬೇಕು.

ಊರಿನ ಗ್ರಂಥಾಲಯವನ್ನೂ ಮರೆಯಬಾರದು. ಕನ್ನಡ ಪುಸ್ತಕವನ್ನು ಕೇಳುವವರೇ ಇಲ್ಲದಿದ್ದರೆ ಕನ್ನಡದ ಕಪಾಟು ಬರಿದಾಗುತ್ತದೆ. ಅಂತರ್ಜಾಲದಲ್ಲಿ ಒಂದು ಪುಸ್ತಕದ ರುಚಿ ಕಂಡವರು ಅಲ್ಲಿಗೆ ಹೋಗಿ ಇನ್ನೊಂದನ್ನು ಕೇಳಲಿ.

ಗೋವಿಂದ ಪೈಗಳು ಮಂಜೇಶ್ವರದಲ್ಲಿದ್ದುಕೊಂಡೇ ಹಲವು ಭಾಷೆಗಳ ಗ್ರಂಥಗಳನ್ನು ಕೂಡಿಸಿ ವ್ಯಾಸಂಗ ಮಾಡಿದರು. ಅಂದು ಅದಕ್ಕೆ ಅನುಕೂಲವಂತರ ಮನೆಯೇ ಬೇಕಾಗಿತ್ತು. ಇಂದು ಬೀಡಿ ಕಟ್ಟುವ ತಾಯಿಯ ಮಗಳಿಗೂ ಆ ಭಾಗ್ಯ ತೆರೆದಿದೆ. ಅದನ್ನು ಉಪಯೋಗಿಸಿಕೊಳ್ಳುವುದು ನಮ್ಮ ಕೈಯಲ್ಲಿದೆ.

ಅಭ್ಯಾಸ: ನಿಮ್ಮ ಊರಿನ ಹೆಸರು ಯಾವುದಾದರೂ ಹಳೆಯ ಪುಸ್ತಕದಲ್ಲಿ ಬಂದಿದೆಯೇ ಎಂದು ಹುಡುಕಿರಿ. ಸಿಕ್ಕಿದ ಪುಸ್ತಕದ ಹೆಸರು, ವರ್ಷ, ಪುಟಗಳೊಂದಿಗೆ ಹತ್ತು ವಾಕ್ಯ ಬರೆದು ಕನ್ನಡ ಅಧ್ಯಾಪಕರಿಗೆ ತೋರಿಸಿರಿ.